ಜೆಮಿನಿ ಬ್ರಿಡ್ಜ್ ಹತ್ತದ ವ್ಯಾನು

ಮದರಾಸಿನಲ್ಲಿ ಗುಡ್ಡವಿಲ್ಲ. ಪರಂಗಿಮಲೆ, ಪಲ್ಲಾವರದ ಕಡೆಯ ಒಂದೆರಡು ದಿಬ್ಬ ಬಿಟ್ಟರೆ ಊರಿಗೆ ಊರೇ ಸಪಾಟು. ಇಂಥ ಊರಲ್ಲಿ ಎಂಜಿನ್ನಿನ ದಮ್ಮು ನೋಡಬೇಕೆಂದರೆ ಮೆಕ್ಯಾನಿಕ್‌ಗಳಿಗೆ ಸೇತುವೆಗಳೇ ಗತಿ. 1973ರಲ್ಲಿ ಮೌಂಟ್ ರೋಡಿನಲ್ಲಿ, ಜೆಮಿನಿ ಸ್ಟುಡಿಯೋದ ಮಗ್ಗುಲಲ್ಲಿ, ಊರಿನ ಮೊದಲ ಫ್ಲೈಓವರ್ ಎದ್ದು ನಿಂತಿತು. ಸರ್ಕಾರ ಅದಕ್ಕೆ 'ಅಣ್ಣಾ' ಎಂದೇ ಕರೆಯುವ ಅಣ್ಣಾದುರೈ ಅವರ ಹೆಸರಿಟ್ಟಿತು, ಜನ ಸ್ಟುಡಿಯೋದ ಹೆಸರನ್ನೇ ಉಳಿಸಿಕೊಂಡರು. ಅಲ್ಲಿಂದ ಮುಂದೆ ಪುದುಪೇಟೆಯ ಗ್ಯಾರೇಜಿಗೆ ಯಾವ ಪೆಟ್ರೋಲ್ ಗಾಡಿ ಕೆಟ್ಟು ಬಂದರೂ ಕೇಳುವ ಮೊದಲ ಪ್ರಶ್ನೆ ಅದೇ: "ಜೆಮಿನಿ ಬ್ರಿಡ್ಜ್ ಏರುದಾ?"

ಈ ಪ್ರಶ್ನೆಯನ್ನು ಈಗ ಯಾರೂ ಕೇಳುವುದಿಲ್ಲ. ಗಾಡಿ ಬಂದು ನಿಂತ ಕೂಡಲೇ ಸ್ಟೇರಿಂಗಿನ ಕೆಳಗೆ ಒಂದು ವೈರು ಚುಚ್ಚುತ್ತಾರೆ. ಟ್ಯಾಬ್ಲೆಟ್ಟಿನಲ್ಲಿ ಒಂದು ಕೋಡು ಬರುತ್ತದೆ. ಬ್ರಿಡ್ಜ್ ಹತ್ತಿತೋ ಬಿಟ್ಟಿತೋ, ಬೆಳಗ್ಗೆ ನಿಂತಿತೋ ಮಧ್ಯಾಹ್ನ ನಿಂತಿತೋ, ಗಾಡಿ ಓಡಿಸಿದವನನ್ನು ಕೇಳುವ ಅಗತ್ಯ ಅವರಿಗಿಲ್ಲ.

ಕೇಳಿ ಕೇಳಿಯೇ ದೋಷ ಹಿಡಿಯುವ ಆ ಹಳೇ ವಿದ್ಯೆಯ ಪರಿಚಯ ನನಗಾದದ್ದು ಒಂದು ಉಡುಪಿ ಹೋಟೆಲಿನ ಹಿತ್ತಿಲಲ್ಲಿ. ಅಪ್ಪಯ್ಯ ಆ ಹೋಟೆಲಿನ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಹೋಟೆಲಿಗೊಂದು ಸ್ಟ್ಯಾಂಡರ್ಡ್ 20 ಪಿಕಪ್ ಇತ್ತು, ಎಂ.ಎಸ್. ಎಂದು ಶುರುವಾಗುವ ಹಳೇ ಮದ್ರಾಸ್ ರಾಜ್ಯದ ನಂಬರಿನದು. ಅದು ಮದರಾಸಿನದೇ ಗಾಡಿ. ವಂಡಲೂರಿನ ದಾರಿಯಲ್ಲಿ ಪೆರುಂಗಳತ್ತೂರಿನ ಸ್ಟ್ಯಾಂಡರ್ಡ್ ಮೋಟಾರ್ ಕಾರ್ಖಾನೆಯಲ್ಲಿ, ಹೆರಾಲ್ಡ್ ಕಾರು ತಯಾರಾಗುತ್ತಿದ್ದ ಜಾಗದಲ್ಲೇ ಇದೂ ಹುಟ್ಟಿದ್ದು. ಸುಮಾರು ಒಂದು ಟನ್ ಹೊರುತ್ತಿತ್ತು. ಎಂಜಿನ್ನು ಮುಂದೆ ಬಾನೆಟ್ಟಿನೊಳಗೆ ಇರದೆ ಡ್ರೈವರಿಗೂ ಪಕ್ಕದವನಿಗೂ ನಡುವೆ ಒಂದು ತಗಡಿನ ಪೆಟ್ಟಿಗೆಯಲ್ಲಿ ಕೂತಿರುತ್ತಿತ್ತು. ಚಿತ್ತಿರೈ ತಿಂಗಳಲ್ಲಿ ಅದರ ಪಕ್ಕ ಕೂತವನ ತೊಡೆ ಬೇಯುತ್ತಿತ್ತು.

ವ್ಯಾನಿಗೆ ದಿನಕ್ಕೆರಡು ಕೆಲಸ. ಬೆಳಗಿನ ಜಾವ ಕೊತ್ತವಾಲ್ ಚಾವಡಿಯಿಂದ ತರಕಾರಿ ತರುವುದು. ಆಗಿನ್ನೂ ಮಾರ್ಕೆಟ್ಟು ಜಾರ್ಜ್ ಟೌನಿನ ಆ ಇಕ್ಕಟ್ಟಿನಲ್ಲೇ ಇತ್ತು, ಕೋಯಂಬೇಡಿಗೆ ಹೋದದ್ದು 1996ರಲ್ಲಿ. ಮಧ್ಯಾಹ್ನದ ಕೆಲಸ ಕೋಡಂಬಾಕ್ಕಂ, ವಡಪಳನಿ ಕಡೆಯ ಸ್ಟುಡಿಯೋಗಳಿಗೆ ಊಟ ಮುಟ್ಟಿಸುವುದು. ಕನ್ನಡ ಸಿನಿಮಾಗಳು ಇನ್ನೂ ಪೂರ್ತಿ ಬೆಂಗಳೂರಿಗೆ ಬಂದಿರದ ಕಾಲ ಅದು. ಶೂಟಿಂಗಿನವರಿಗೆ ಸಾರು, ಹುಳಿ, ಅನ್ನ ನಮ್ಮ ಕಡೆಯದ್ದೇ ಆಗಬೇಕಿತ್ತು. ರಾಯಪೇಟೆ ಕಡೆಯಿಂದ ಹೊರಟ ವ್ಯಾನು ಜೆಮಿನಿ ದಾಟಿ, ಕೋಡಂಬಾಕ್ಕಂ ರೈಲ್ವೆ ಬ್ರಿಡ್ಜ್ ಹತ್ತಿ ಇಳಿಯಬೇಕು. ಎರಡೇ ಏರು. ಆ ಎರಡರಲ್ಲೊಂದರ ಮೇಲೆ, ಹುಳಿಯ ಕೊಳದಪ್ಪಲೆ ಸಮೇತ, ವ್ಯಾನು ನಿಲ್ಲತೊಡಗಿತು.

ಪೆಟ್ರೋಲ್ ಎಂಜಿನ್ನಿಗೆ ಎಣ್ಣೆ ಹೋಗುವ ದಾರಿ ಎಷ್ಟು ಸರಳವಾಗಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಗೊತ್ತಿದ್ದವರು ಮುಂದಿನ ಪ್ಯಾರಾ ಹಾರಿಸಿ ಓದಬಹುದು.

ಹಿಂದೆ ಟ್ಯಾಂಕು. ಅದರೊಳಗೆ ಮೇಲಿನಿಂದ ಇಳಿಬಿಟ್ಟ ಒಂದು ಕೊಳವೆ, ತುದಿಗೆ ಜಾಲರಿ. ಅಲ್ಲಿಂದ ಛಾಸಿಯ ಪಕ್ಕದಲ್ಲಿ ಹಾದು ಬರುವ ಲೋಹದ ಪೈಪು, ಕೊನೆಯಲ್ಲಿ ಗೇಣುದ್ದದ ರಬ್ಬರ್ ಪೈಪು. ಎಂಜಿನ್ನಿನ ಪಕ್ಕಕ್ಕೆ ಕೂತ ಪೆಟ್ರೋಲ್ ಪಂಪು, ಮೆಕ್ಯಾನಿಕ್‌ಗಳ ಬಾಯಲ್ಲಿ 'ಎಸಿ ಪಂಪು'. ಕ್ಯಾಮ್ ಶಾಫ್ಟು ಸುತ್ತಿದಂತೆ ಪಂಪಿನ ತೋಳು ಮೇಲೆ ಕೆಳಗೆ ಆಡುತ್ತದೆ, ಒಳಗಿನ ಡಯಾಫ್ರಂ ಪೆಟ್ರೋಲನ್ನು ಎಳೆದು ಮುಂದಕ್ಕೆ ದೂಡುತ್ತದೆ. ಒತ್ತಡ ಬಹಳವೇನಿಲ್ಲ, ಕಾಲು ಬಾರ್ ಆಸುಪಾಸು, ಬೆರಳಲ್ಲಿ ಒತ್ತಿ ಹಿಡಿಯಬಹುದು. ಮುಂದೆ ಕಾರ್ಬೊರೇಟರಿನ ಬಟ್ಟಲು. ಬಟ್ಟಲು ತುಂಬಿದರೆ ಹಿತ್ತಾಳೆಯ ಫ್ಲೋಟು ತೇಲಿ ನೀಡಲ್ ವಾಲ್ವನ್ನು ಮುಚ್ಚುತ್ತದೆ, ಖಾಲಿಯಾದರೆ ತೆರೆಯುತ್ತದೆ. ಬಟ್ಟಲಿನಿಂದ ಜೆಟ್ಟಿನ ಸಣ್ಣ ತೂತಿನ ಮೂಲಕ ಪೆಟ್ರೋಲು ಗಾಳಿಯ ಸೆಳೆತಕ್ಕೆ ಸಿಕ್ಕಿ ಎಂಜಿನ್ನಿಗೆ ಹೋಗುತ್ತದೆ. ಇಷ್ಟೇ. ಇದರಲ್ಲಿ ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು ಒಂದೂ ಇಲ್ಲ.

ನಮ್ಮ ವ್ಯಾನು ನಿಂತಾಗ ತಲೆಗೊಂದು ಮಾತು ಬಂತು. "ಈ ಸೆಕೆಗೆ ಪೆಟ್ರೋಲೇ ಆವಿಯಾಗಿ ಹೋಗ್ತದೆ ಮಾರಾಯ್ರೇ" ಎಂದ ಕುಂದಾಪುರದ ಡ್ರೈವರಣ್ಣ. ಅದು ಸುಳ್ಳಲ್ಲ. ಬಿಸಿಲಲ್ಲಿ ಪಂಪಿನೊಳಗೇ ಪೆಟ್ರೋಲು ಆವಿಯಾಗಿ ದಾರಿ ಕಟ್ಟುವುದುಂಟು. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿದ ಟ್ಯಾಕ್ಸಿಗಳು ಮದರಾಸಿನಲ್ಲಿ ಬೇಕಾದಷ್ಟಿದ್ದವು. ನಾವೂ ಸುತ್ತಿದೆವು. ವ್ಯಾನು ಮತ್ತೆ ನಿಂತಿತು. ಜನ ಸೇರಿ ಹಿಂದಕ್ಕೆ ದೂಡಿ ಬ್ರಿಡ್ಜ್ ಇಳಿಸಿದರೆ, ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ, ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್. ಹೋಟೆಲಿನ ಹತ್ತಿರದ ಒಬ್ಬ ಮೆಕ್ಯಾನಿಕ್ ಪಂಪ್ ಬದಲಿಸಿದ. ಇನ್ನೊಬ್ಬ ಕಾರ್ಬೊರೇಟರ್ ಬಿಚ್ಚಿ ತೊಳೆದ. ಪಾಯಿಂಟು, ಕಂಡೆನ್ಸರು ಹೊಸದು ಬಂತು. ಕೊನೆಗೆ ವ್ಯಾನನ್ನು ಪುದುಪೇಟೆಗೆ ಒಯ್ದರು.

ಪುದುಪೇಟೆ ಎಗ್ಮೋರಿನ ಮಗ್ಗುಲು, ಕೂವಂ ನದಿ ಬಳಸಿ ಹರಿಯುವಲ್ಲಿ. ಹ್ಯಾರಿಸ್ ರೋಡು, ಅಂದರೆ ಈಗಿನ ಆದಿತ್ತನಾರ್ ಸಾಲೆಯಿಂದ ಒಳಕ್ಕೆ ತಿರುಗಿದರೆ ಸಾಕು, ಕಾಲಿಟ್ಟಲ್ಲೆಲ್ಲ ಗಿಯರ್ ಬಾಕ್ಸು, ಬಾಗಿಲು, ರೇಡಿಯೇಟರ್. ಇಡೀ ದಕ್ಷಿಣ ಭಾರತದ ಸತ್ತ ಗಾಡಿಗಳು ಬಿಡಿಬಿಡಿಯಾಗಿ ಮಾರಾಟಕ್ಕೆ ಕೂರುವ ಜಾಗ. ಅಲ್ಲಿನ ಒಂದು ಓಣಿಯಲ್ಲಿ ಎಲ್ಲರೂ ಬರಿದೇ 'ಭಾಯ್' ಎನ್ನುತ್ತಿದ್ದ ಒಬ್ಬ ಮೆಕ್ಯಾನಿಕ್ ಇದ್ದರು. ಲುಂಗಿ, ಎಣ್ಣೆ ಕುಡಿದ ಬನಿಯನ್, ಕಿವಿ ಮೇಲೊಂದು ಬೀಡಿ. ಬೀಡಿ ಹಚ್ಚಿದ್ದು ಮಾತ್ರ ನಾನು ನೋಡಿಲ್ಲ, ಪೆಟ್ರೋಲಿನ ಕೆಲಸ ಮಾಡುವವರು ಅಷ್ಟು ಶಿಸ್ತಿನವರು.

ಅವರು ಎಂಜಿನ್ ಪೆಟ್ಟಿಗೆಯ ಮುಚ್ಚಳವನ್ನೂ ತೆಗೆಯದೆ ಬಹಳ ಹೊತ್ತು ಬರೀ ಪ್ರಶ್ನೆ ಕೇಳಿದರು. ನಿಲ್ಲುವಾಗ ಒಮ್ಮೆಲೇ ನಿಲ್ಲುತ್ತದಾ, ಎಳೆದೆಳೆದು ನಿಲ್ಲುತ್ತದಾ? ಒಮ್ಮೆಲೇ ಆದರೆ ಕರೆಂಟಿನ ದೋಷ, ಎಳೆದೆಳೆದು ಆದರೆ ಪೆಟ್ರೋಲಿನದು. ಚೋಕ್ ಎಳೆದರೆ ಒಂದು ಕ್ಷಣ ಜೀವ ಬರುತ್ತದಾ? ಬರುತ್ತದೆ ಎಂದರೆ ಎಂಜಿನ್ನಿಗೆ ಹಸಿವು, ಪೆಟ್ರೋಲು ಸಾಲದೆ ಬರುತ್ತಿದೆ. ಬೆಳಗ್ಗೆ ಮಾರ್ಕೆಟ್ಟಿಂದ ಮೂಟೆ ಹೊತ್ತು ಬರುವಾಗ? ಇಲ್ಲ, ಆಗ ಒಂದು ದಿನವೂ ನಿಂತಿಲ್ಲ. ಖಾಲಿ ವ್ಯಾನು ಬ್ರಿಡ್ಜ್ ಹತ್ತುತ್ತದಾ? ಮಧ್ಯಾಹ್ನವಾದರೆ ಖಾಲಿಯಿದ್ದರೂ ಹತ್ತುವುದಿಲ್ಲ. ಕೊನೆಯ ಪ್ರಶ್ನೆ ಡ್ರೈವರಿಗಲ್ಲ, ಅಪ್ಪಯ್ಯನಿಗೆ: ಪೆಟ್ರೋಲ್ ಹಾಕಿಸುವುದು ಯಾವಾಗ, ಎಷ್ಟು?

ಅಪ್ಪಯ್ಯ ಲೆಕ್ಕದ ಮನುಷ್ಯ. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದು ಪೆಟ್ರೋಲಿನ ಬೆಲೆ ಏರಿದ ಮೇಲೆ ಹೋಟೆಲಿನಲ್ಲಿ ಟ್ಯಾಂಕ್ ತುಂಬಿಸುವ ಪದ್ಧತಿಯೇ ನಿಂತಿತ್ತು. ಬೆಳಗ್ಗೆ ದಿನದ ಖರ್ಚಿಗೆ ಬೇಕಾದಷ್ಟು ಲೀಟರ್, ಅದಕ್ಕೊಂದು ಚೀಟಿ. ಚೀಟಿಗಳೆಲ್ಲ ಅವರ ಚೀಲದಲ್ಲೇ ಇದ್ದವು. ಭಾಯ್ ಅವನ್ನು ಒಂದೊಂದಾಗಿ ನೋಡಿದರು, ಮರಳಿಸಿದರು, ಆಮೇಲೆ ಎದ್ದರು.

ಮೊದಲು ಪ್ಲಗ್ಗು ಬಿಚ್ಚಿ ಮೂತಿ ನೋಡಿದರು. ಬಿಳಿಚಿಕೊಂಡಿತ್ತು, ಪೆಟ್ರೋಲು ಸಾಲದ್ದಕ್ಕೆ ಸಾಕ್ಷಿ. ಹೆಚ್ಚಾಗಿದ್ದರೆ ಮಸಿ ಕಟ್ಟಿರುತ್ತಿತ್ತು. ಡಿಪ್ ಸ್ಟಿಕ್ ಎಳೆದು ಎಂಜಿನ್ ಆಯಿಲಿನ ವಾಸನೆ ತೆಗೆದರು. ಡಯಾಫ್ರಂ ಹರಿದಿದ್ದರೆ ಪೆಟ್ರೋಲು ಆಯಿಲಿಗೆ ಸೇರುತ್ತದೆ, ಮೂಗಿಗೆ ಗೊತ್ತಾಗುತ್ತದೆ. ಇಲ್ಲಿ ಆ ವಾಸನೆ ಇರಲಿಲ್ಲ. ಪಂಪಿನ ಹೊರಬಾಯಿಯ ಪೈಪು ಕಳಚಿ ಒಂದು ಗಾಜಿನ ಸೀಸೆಗೆ ಇಳಿಬಿಟ್ಟು ಗ್ಯಾರೇಜಿನ ಹುಡುಗನಿಗೆ ಎಂಜಿನ್ ಸುತ್ತಿಸುವ ಹ್ಯಾಂಡಲ್ ತಿರುಗಿಸಲು ಹೇಳಿದರು. ಪೆಟ್ರೋಲು ಚಿಮ್ಮಿ ಚಿಮ್ಮಿ ಬಂತು, ಲಕ್ಷಣವಾಗಿ. ಪಂಪಿನ ಒಳಬಾಯಿಗೆ ಬೆರಳೊತ್ತಿ ಸೆಳೆತ ನೋಡಿದರು. ಬೆರಳು ಕಚ್ಚಿ ಹಿಡಿಯಿತು. ಟ್ಯಾಂಕಿನ ಕಡೆಗೆ ಹೋಗುವ ಪೈಪಿಗೆ ಬಾಯಿಟ್ಟು ಊದಿ, ನನ್ನನ್ನು ಟ್ಯಾಂಕಿನ ಹತ್ತಿರ ಕಿವಿಗೊಟ್ಟು ಕೂರಲು ಹೇಳಿದರು. ಒಳಗೆ ಗುಳುಗುಳು ಸದ್ದು ಸ್ಪಷ್ಟವಾಗಿ ಕೇಳಿತು. ಟ್ಯಾಂಕಿನ ಮುಚ್ಚಳದ ಗಾಳಿತೂತನ್ನೂ ಬೆಳಕಿಗೆ ಹಿಡಿದು ನೋಡಿದ್ದಾಯಿತು. ಅದು ಕಟ್ಟಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತ ಹುಟ್ಟಿ ಪೆಟ್ರೋಲು ಬರುವುದು ನಿಲ್ಲುತ್ತದೆ, ಮುಚ್ಚಳ ತೆಗೆದಾಗ 'ಉಸ್' ಅನ್ನುತ್ತದೆ. ಅದೂ ಸರಿಯಿತ್ತು. ಅಂದರೆ ಎಲ್ಲವೂ ಸರಿಯಿತ್ತು.

ಆಗ ಅವರು ಮಾಡಿದ ಕೆಲಸ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಎರಡು ಜಾಕಿ ತರಿಸಿ ವ್ಯಾನಿನ ಮುಂಭಾಗವನ್ನು ಎತ್ತಿಸಿದರು. ಚಕ್ರದಡಿಗೆ ಹಳೇ ಲಾರಿ ರಿಮ್ಮುಗಳನ್ನು ಸರಿಸಿದರು. ವ್ಯಾನು ಮೂತಿ ಮೇಲೆ ಮಾಡಿಕೊಂಡು ನಿಂತಿತು. ಪುದುಪೇಟೆಯ ಓಣಿಯೊಳಗೇ ಅವರು ಜೆಮಿನಿ ಬ್ರಿಡ್ಜ್ ಕಟ್ಟಿಬಿಟ್ಟಿದ್ದರು. ಮತ್ತೆ ಸೀಸೆ, ಮತ್ತೆ ಹ್ಯಾಂಡಲ್. ಈ ಸಲ ಸೀಸೆಗೆ ಬಿದ್ದ ಪೆಟ್ರೋಲಿನ ಮೇಲೆ ಡಿಗ್ರಿ ಕಾಫಿಯ ಹಾಗೆ ನೊರೆ. ಜಾಕಿ ಇಳಿಸಿದರು, ನೊರೆ ನಿಂತಿತು. ಏರಿಸಿದರು, ಬಂತು. "ಅಡೈಪ್ಪು ಇಲ್ಲೆ ಸಾರ್. ಕಾತ್ತು" ಎಂದರು. ಎಲ್ಲೂ ಕಟ್ಟಿಕೊಂಡಿಲ್ಲ, ಗಾಳಿ ಸೇರುತ್ತಿದೆ.

ಟ್ಯಾಂಕಿನೊಳಗೆ ಇಳಿಬಿಟ್ಟ ಕೊಳವೆಯನ್ನು ಹೊರಗೆಳೆದಾಗ ನಡುಮಟ್ಟದಲ್ಲಿ, ಬೆಸುಗೆ ಹಾಕಿದ ಕಡೆ, ಕೂದಲಿನಷ್ಟು ಸಣ್ಣ ಬಿರುಕು. ಬೆಳಗ್ಗೆ ಪೆಟ್ರೋಲ್ ಹಾಕಿಸಿದಾಗ ಬಿರುಕು ಪೆಟ್ರೋಲಿನಡಿ ಮುಳುಗಿರುತ್ತದೆ, ತೊಂದರೆಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಟ್ಟ ಇಳಿದಿರುತ್ತದೆ; ಸಪಾಟು ರಸ್ತೆಯಲ್ಲಿ ಆಗಲೂ ಹೇಗೋ ನಡೆಯುತ್ತದೆ. ಏರು ಬಂದರೆ ಪೆಟ್ರೋಲೆಲ್ಲ ಟ್ಯಾಂಕಿನ ಹಿಂಬದಿಗೆ ಸರಿದು, ಮುಂಬದಿಯಲ್ಲಿದ್ದ ಕೊಳವೆಯ ಬಿರುಕು ಮೇಲೆ ಬಂದು, ಪಂಪು ಪೆಟ್ರೋಲಿನ ಬದಲು ಗಾಳಿ ಕುಡಿಯುತ್ತದೆ. ಹಿಂದಕ್ಕೆ ದೂಡಿ ಬ್ರಿಡ್ಜ್ ಇಳಿಸಿದರೆ ಬಿರುಕು ಮತ್ತೆ ಮುಳುಗುತ್ತದೆ, ಗಾಡಿ ಹೊರಡುತ್ತದೆ. ಹೊರಗೆ ಒಂದು ತೊಟ್ಟೂ ಸೋರದ ಕಾರಣ ಯಾರಿಗೂ ಸಂಶಯ ಬಂದಿರಲಿಲ್ಲ. ಸೆಕೆಯದ್ದು ಏನೂ ತಪ್ಪಿರಲಿಲ್ಲ. ತಪ್ಪಿನ ಅರ್ಧ ಪಾಲು ಅಪ್ಪಯ್ಯನ ಮಿತವ್ಯಯದ್ದು ಎಂದು ಡ್ರೈವರಣ್ಣ ಊರವರೊಡನೆ ಬಹಳ ಕಾಲ ಹೇಳಿಕೊಂಡು ನಕ್ಕ.

ಕೊಳವೆಗೆ ಬೆಸುಗೆ ಹಾಕಿಸಿದ ಖರ್ಚು ಒಂದು ಹೊಸ ಪಂಪಿನ ಬೆಲೆಗಿಂತ ಎಷ್ಟೋ ಕಡಿಮೆ.

ಭಾಯ್ ಅಪರೂಪದವರಾಗಿದ್ದರು ನಿಜ, ಆದರೆ ಒಂಟಿಯಾಗಿರಲಿಲ್ಲ. ಜೆಟ್ಟಿಗೆ ಎಂದೂ ತಂತಿ ಹಾಕಬಾರದು, ತೂತು ದೊಡ್ಡದಾಗುತ್ತದೆ, ಊದಿಯೇ ತೆಗೆಯಬೇಕು ಎಂದು ಹುಡುಗರ ತಲೆಗೆ ಮೊಟಕಿ ಕಲಿಸುವವರು ಮೌಂಟ್ ರೋಡ್, ಜನರಲ್ ಪ್ಯಾಟರ್ಸ್ ರೋಡುಗಳ ಗಲ್ಲಿಗಳಲ್ಲಿ ಎಷ್ಟೋ ಮಂದಿ. ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿ ಒಳಗೆ ಪೆಟ್ರೋಲು ಸೇರಿದೆಯೇ ಎಂದು ಕೇಳುವವರು. ಬಟ್ಟಲು ಉಕ್ಕುತ್ತಿದ್ದರೆ ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ಎರಡು ತಟ್ಟಿ, ಸಿಕ್ಕಿಕೊಂಡ ನೀಡಲನ್ನು ಬಿಡಿಸುವವರು. ಡೀಸೆಲ್ಲಿನವರದ್ದು ಬೇರೆಯೇ ಪಂಗಡ. ಮೆಟಡಾರ್ ಏರ್ ಲಾಕ್ ಆಗಿ ನಿಂತರೆ ಫಿಲ್ಟರಿನ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತುತ್ತ, ನೊರೆ ಹೋಗಿ ಗಟ್ಟಿ ಧಾರೆ ಬರುವ ತನಕ ಕಾಯಬೇಕು. ಆಮೇಲೆ ನಾಝಲಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿಯಬೇಕು. ಯಾವ ನಟ್ಟು ಸಡಿಲಿಸಿದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರೇ ಕಳ್ಳ. ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿಯ ಪಂಪು, ನಾಝಲುಗಳನ್ನು ಬಿಚ್ಚಿ ಅಳತೆ ಸರಿಮಾಡಿ ಸೀಸದ ಮುದ್ರೆ ಒತ್ತುವ ಕ್ಯಾಲಿಬ್ರೇಶನ್ ಅಂಗಡಿಗಳು ಬೇರೆಯೇ ಇದ್ದವು. ಅಲ್ಲಿ ನಾಝಲು 'ಕರ್‌ರ್' ಎಂದು ಉಗುಳುವ ಸದ್ದಿನ ಮೇಲೆ ಅದರ ಆಯುಷ್ಯ ಹೇಳುತ್ತಿದ್ದರು.

ಇದೆಲ್ಲ ಹೋದದ್ದು ಒಂದೇ ಏಟಿಗಲ್ಲ. ಸ್ಟ್ಯಾಂಡರ್ಡ್ ಕಂಪನಿ 1985ರಲ್ಲಿ ರೋವರಿನ ಬಾಡಿಯೊಳಗೆ ವ್ಯಾನ್‌ಗಾರ್ಡ್ ಕಾಲದ ಎಂಜಿನ್ನು ಕೂರಿಸಿ 'ಸ್ಟ್ಯಾಂಡರ್ಡ್ 2000' ಎಂದು ಮಾರಲು ಹೋಗಿ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. ಅದೇ 1985ರಲ್ಲಿ ಜಪಾನಿನ ಮಿಕುನಿ ಜೊತೆ ಸೇರಿ ಯೂಕ್ಯಾಲ್ ಕಂಪನಿ ಶುರುವಾಯಿತು, ಮರೈಮಲೈನಗರದಿಂದ ಮಾರುತಿಗೆ ಕಾರ್ಬೊರೇಟರ್ ಹೋಗತೊಡಗಿತು. 1998ರಲ್ಲಿ ಶ್ರೀಪೆರುಂಬುದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈಯಿಂದ ಹೊರಬಿದ್ದ ಸ್ಯಾಂಟ್ರೋ ಕಾರಿನಲ್ಲಿ ಕಾರ್ಬೊರೇಟರೇ ಇರಲಿಲ್ಲ. ಅದರ ಜಾಗದಲ್ಲಿ ಇಂಜೆಕ್ಟರುಗಳು, ಟ್ಯಾಂಕಿನೊಳಗೇ ಮುಳುಗಿ ಕೂತ ಕರೆಂಟಿನ ಪಂಪು, ಎಲ್ಲಕ್ಕೂ ಮೇಲೊಂದು ಕಂಪ್ಯೂಟರ್. 2010ರಲ್ಲಿ ಚೆನ್ನೈ ಸೇರಿ ಹದಿಮೂರು ನಗರಗಳಿಗೆ ಭಾರತ್ ಸ್ಟೇಜ್ 4 ಎಂಬ ಹೊಗೆ ನಿಯಮ ಬಂತು. 2020ರ ಏಪ್ರಿಲ್ 1ಕ್ಕೆ ದೇಶಕ್ಕೆಲ್ಲ ಸ್ಟೇಜ್ 6. ಅಲ್ಲಿಯ ತನಕ ಸ್ಕೂಟರು, ಬೈಕುಗಳಲ್ಲಾದರೂ ಉಸಿರಾಡಿಕೊಂಡಿದ್ದ ಕಾರ್ಬೊರೇಟರು ಹೊಸ ಗಾಡಿಗಳಿಂದ ಅಂದಿಗೆ ಹೆಚ್ಚುಕಡಿಮೆ ಪೂರಾ ಹೋಯಿತು.

ಹೋದದ್ದಕ್ಕೆ ಕಾರಣಗಳಿದ್ದವು, ಅವು ಸುಳ್ಳು ಕಾರಣಗಳಲ್ಲ. ಆ ಕಾಲದ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ದೇಶಾದ್ಯಂತ ಅದು ನಿಂತದ್ದು 2000ದ ಫೆಬ್ರವರಿಯಲ್ಲಿ. ಆ ಪೆಟ್ರೋಲಿನ ಪೈಪಿಗೆ ಬಾಯಿಟ್ಟು ಎಳೆದವರು, ಊದಿದವರು ಎಷ್ಟು ವಿಷ ನುಂಗಿದರೋ. ಗ್ಯಾರೇಜಿನ ಹುಡುಗರಿಗೆ ಶಾಲೆಯಿರಲಿಲ್ಲ, ಪೆಟ್ಟು ಮಾತ್ರ ಇತ್ತು. ಹೊಗೆಯ ವಿಷಯ ಮೌಂಟ್ ರೋಡಿನ ಸಿಗ್ನಲ್ಲಿನಲ್ಲಿ ನಿಂತವರಿಗೆ ಹೇಳಬೇಕಿಲ್ಲ. ಇನ್ನು ಈಗಿನ ಕಾಮನ್ ರೈಲ್ ಡೀಸೆಲ್ಲಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಹಳೇ ಡೀಸೆಲ್ಲಿನವರ ಹಾಗೆ ನಟ್ಟು ಸಡಿಲಿಸಲು, ಭಾಯ್ ಮಾಡಿದ ಹಾಗೆ ಬೆರಳಿಡಲು ಹೋದರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಬೆರಳು ಕಳೆದುಕೊಳ್ಳಬೇಕಾದೀತು. ಅಲ್ಲಿ ಸ್ಕ್ಯಾನರೇ ಸರಿ. ಹಳೆಯದೆಲ್ಲ ಒಳ್ಳೆಯದು ಎನ್ನುವ ಹಟ ನನಗಿಲ್ಲ.

ಆದರೂ ಒಂದು ಮಾತು ಉಳಿಯುತ್ತದೆ. ಭಾಯ್ ಅವರ ತರ್ಕ ನಮ್ಮ ಕಣ್ಣೆದುರೇ ನಡೆಯಿತು. ಅಪ್ಪಯ್ಯನಿಗೆ, ಡ್ರೈವರಿಗೆ, ಹ್ಯಾಂಡಲ್ ತಿರುಗಿಸಿದ ಹುಡುಗನಿಗೆ, ಟ್ಯಾಂಕಿಗೆ ಕಿವಿಗೊಟ್ಟ ನನಗೆ, ಯಾಕೆ ಎಂದು ಗೊತ್ತಾಯಿತು. ಅವರು ತಪ್ಪಿದ್ದರೆ ಅದೂ ನಮಗೆ ಕಾಣುತ್ತಿತ್ತು. ಈಗ ಕೋಡು ಬರುತ್ತದೆ: ಇಂಧನದ ಒತ್ತಡ ಕಡಿಮೆ. ಯಾಕೆ ಕಡಿಮೆ ಎಂದು ಕೋಡು ಹೇಳುವುದಿಲ್ಲ. ಅದನ್ನು ಹುಡುಕಬೇಕಾದವನು ಮನುಷ್ಯನೇ; ಆದರೆ ಹುಡುಕುವ ಹೊತ್ತಿಗೆ ಕೂಲಿಯಿಲ್ಲ, ಬದಲಿಸುವ ಸಾಮಾನಿಗೆ ಲಾಭವಿದೆ. ಪಂಪು, ಫಿಲ್ಟರು, ಮಟ್ಟ ತೋರಿಸುವ ಮುಳ್ಳಿನ ಭಾಗ ಎಲ್ಲ ಸೇರಿಸಿದ ಇಡೀ ಜೋಡಣೆಯನ್ನೇ ಕಿತ್ತು ಹೊಸದು ಕೂರಿಸುತ್ತಾರೆ. ಒಂದು ಬಿರುಕಿಗೆ ಒಂದು ಬೆಸುಗೆ ಎನ್ನುವ ಲೆಕ್ಕ ಮುಗಿದುಹೋಗಿದೆ. ಬಿಲ್ಲು ಕಟ್ಟುವ ಗಿರಾಕಿ ಗಾಜಿನ ಕೋಣೆಯಲ್ಲಿ ಕಾಫಿ ಕುಡಿಯುತ್ತ ಟಿವಿ ನೋಡುತ್ತಿರುತ್ತಾನೆ. ಗಾಡಿಯ ಹತ್ತಿರ ಹೋಗಲು ಅವನಿಗೆ ಅನುಮತಿಯಿಲ್ಲ.

2015ರ ಡಿಸೆಂಬರಿನ ನೆರೆಯಲ್ಲಿ ವೇಳಚ್ಚೇರಿ, ಮುಡಿಚೂರಿನ ಕಡೆ ಸಾವಿರಾರು ಗಾಡಿಗಳು ಮುಳುಗಿದವು. ಕಂಪ್ಯೂಟರಿನೊಳಗೆ ನೀರು ಹೋದ ಎಷ್ಟೋ ಕಾರುಗಳನ್ನು ವಿಮೆಯವರು ಪೂರ್ತಿ ನಷ್ಟವೆಂದು ಬರೆದುಕೊಂಡರು. ಹಳೇ ಗಾಡಿಗಳನ್ನು ಇಟ್ಟುಕೊಂಡವರು ಟ್ಯಾಂಕ್ ಬರಿದು ಮಾಡಿ, ಬಟ್ಟಲು ತೊಳೆದು, ಆಯಿಲ್ ಬದಲಿಸಿ, ಪಾಯಿಂಟ್ ಒಣಗಿಸಿ ಎಬ್ಬಿಸಬಹುದಿತ್ತು. ಎಬ್ಬಿಸುವ ಕೈಗಳು ಮಾತ್ರ ಅಷ್ಟು ಹೊತ್ತಿಗೆ ವಿರಳವಾಗಿದ್ದವು.

ಪುದುಪೇಟೆ ಇನ್ನೂ ಇದೆ. ಈಗ ಅಲ್ಲಿ ಬಂಪರು, ಹೆಡ್‌ಲೈಟು, ಏರ್‌ಬ್ಯಾಗಿನ ಮುಚ್ಚಳಗಳ ರಾಶಿ. ಎಸಿ ಪಂಪಿನ ಡಯಾಫ್ರಂ ಕಿಟ್ ಕೇಳಿದರೆ ಅಂಗಡಿಯ ಹುಡುಗ ಏರ್ ಕಂಡೀಷನಿಂಗಿನ ಸಾಮಾನು ತಂದಿಟ್ಟ. ಒಳಗಿನಿಂದ ಅವನ ತಾತ ಬಂದು ಅಟ್ಟದ ಮೇಲಿನ ಡಬ್ಬ ತೋರಿಸಬೇಕಾಯಿತು. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ ಹಲವು ಪಟ್ಟು ಏರಿದೆ. ಹೋಟೆಲು ಎಂದೋ ಕಾಂಪ್ಲೆಕ್ಸ್ ಆಗಿದೆ. ಜೆಮಿನಿಯ ಪಕ್ಕ, ಕಾರೊಳಗೆ ಕೂತೇ ದೋಸೆ ತಿನ್ನುತ್ತಿದ್ದ ಡ್ರೈವ್ ಇನ್ ವುಡ್‌ಲ್ಯಾಂಡ್ಸ್ 1962ರಿಂದ ನಡೆದು 2008ರಲ್ಲಿ ಮುಚ್ಚಿತು, ಅಲ್ಲೀಗ ಉದ್ಯಾನವಿದೆ.

ಹಳೇ ಜೀಪೋ, ಪದ್ಮಿನಿಯೋ, ಅಪ್ಪನ ಕಾಲದ ಪಿಕಪ್ಪೋ ಇನ್ನೂ ಮನೆಯಲ್ಲಿ ಇಟ್ಟುಕೊಂಡವರಿಗೆ ಒಂದು ವಿನಂತಿ. ಈಗಿನ ಪೆಟ್ರೋಲಿಗೆ ಶೇ. 20ರವರೆಗೆ ಎಥನಾಲ್ ಬೆರೆಸುತ್ತಾರೆ. ಅದು ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ತಳದ ಕೊಳೆಯನ್ನು ಎಬ್ಬಿಸುತ್ತದೆ, ನೀರನ್ನು ಹೀರುತ್ತದೆ. ನಿಮ್ಮ ಗಾಡಿ ಏರಿನಲ್ಲಿ ಎಳೆದೆಳೆದು ನಿಲ್ಲುವ ದಿನ ದೂರವಿಲ್ಲ. ಡಯಾಫ್ರಂ, ರಬ್ಬರ್ ಪೈಪುಗಳನ್ನು ಈಗಲೇ ಬದಲಿಸಿ. ಊರಿನಲ್ಲಿ ಕಾರ್ಬೊರೇಟರ್ ಬಲ್ಲ ಹಿರಿಯ ಮೆಕ್ಯಾನಿಕ್ ಇದ್ದರೆ ಗಾಡಿ ಅವರ ಕೈಗೆ ಕೊಡಿ, ಹುಡುಕಿದ ಹೊತ್ತಿಗೂ ಕೂಲಿ ಕೊಡಿ. ಬಿಟ್ಟು ಬರಬೇಡಿ. ಮನೆಯ ಹುಡುಗರನ್ನೂ ಕರೆದುಕೊಂಡು ಹೋಗಿ ಪಕ್ಕದಲ್ಲಿ ನಿಲ್ಲಿಸಿ, ಹ್ಯಾಂಡಲ್ ತಿರುಗಿಸಲು ಒಬ್ಬರು ಬೇಕೇ ಬೇಕು.